ಭಾನುವಾರ ಬಾರದ ಕೆಮ್ಮು

"ಡಾಕ್ಟ್ರೇ, ಭಾನುವಾರ ಕೆಮ್ಮೇ ಇರಲ್ಲ. ಶಾಲೆ ತಪ್ಪಿಸೋಕೆ ನಾಟಕ ಅಂತಾರೆ ಇವನಪ್ಪ."

ಕಳೆದ ಜುಲೈಯಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದ ಉಡುಪಿ ಕಡೆಯ ತಾಯಿಯ ಮಾತಿದು. ಮಗ ನಾಲ್ಕನೇ ಕ್ಲಾಸು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಒಳಗೆ ಸಣ್ಣಗೆ ಸಿಳ್ಳೆಯ ಸದ್ದು. ನಾಟಕ ಮಾಡಿದರೆ ಆ ಸದ್ದು ಬರುವುದಿಲ್ಲ.

ಕ್ಲಾಸಲ್ಲಿ ಎಲ್ಲಿ ಕೂರ್ತೀಯಪ್ಪಾ ಅಂತ ಕೇಳಿದೆ. ಕೊನೇ ಬೆಂಚು, ಗೋಡೆ ಪಕ್ಕ. "ಗೋಡೆ ಮೇಲೆ ಕಪ್ಪು ಮ್ಯಾಪ್ ಇದೆ ಅಂಕಲ್, ದಿನಾ ದೊಡ್ಡದಾಗ್ತಿದೆ" ಅಂದ. ಬೂಷ್ಟು! ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಜೂನ್ ಮಧ್ಯದಲ್ಲಿ, ಮಳೆಯ ಜೊತೆಗೇ. ಬೀಗ ಹಾಕಿಟ್ಟಿದ್ದ ಕೋಣೆ, ಒಸರುವ ಗೋಡೆ, ಬೂಷ್ಟಿಗೆ ಇನ್ನೇನು ಬೇಕು? ಅದರ ಕಣಗಳು ಗಾಳಿಗೆ ಸೇರಿದರೆ ಉಬ್ಬಸದ ಮಕ್ಕಳ ಶ್ವಾಸನಾಳ ಬಿಗಿಯುತ್ತದೆ. ಮೇಲೆ ಬಣ್ಣ ಬಳಿದರೆ ಅದು ಹೋಗುವುದಿಲ್ಲ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು.

ಅಪ್ಪ ಅಮ್ಮಂದಿರು ಜಾಸ್ತಿ ಬೈಯುವುದು ಚಾಕ್‌ಪೀಸ್ ಪುಡಿಯನ್ನು. ಅದರ ಕಣ ಬಹುಪಾಲು ದಪ್ಪ, ಮೂಗು ಗಂಟಲಲ್ಲೇ ನಿಲ್ಲುತ್ತದೆ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನನಗೆ ಭಯ ಮುಚ್ಚಿದ ಕಿಟಕಿಯದು.

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಪಾಲು. ನಾವು ಬಿಡುವ ಉಸಿರಲ್ಲಿ ಸುಮಾರು 40,000. ಐವತ್ತು ಮಕ್ಕಳನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿದರೆ ಅದು 1000 ದಾಟಲು ಒಂದು ಪೀರಿಯಡ್ ಕೂಡ ಬೇಡ. ಆಮೇಲೆ ತಲೆನೋವು, ತೂಕಡಿಕೆ. ಬೈಸಿಕೊಳ್ಳುವುದು ಮಾತ್ರ ಮಗು! ಇಷ್ಟು ಪ್ರಮಾಣ ವಿಷವೇನಲ್ಲ. ಆದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ಅದು ಗುರುತು. ಒಬ್ಬನ ಫ್ಲೂ ವಾರದೊಳಗೆ ಇಡೀ ಕ್ಲಾಸಿಗೆ ಹಬ್ಬುವುದೂ ಹೀಗೇ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಏರ್ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ.

ಇದನ್ನು ಅಳೆಯುವ ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಒಳಗೇ ಕೂತವರ ಮೂಗು ಸ್ವಲ್ಪ ಹೊತ್ತಿಗೆ ವಾಸನೆಗೆ ಒಗ್ಗಿಹೋಗುತ್ತದೆ. ಮೂರನೇ ಪೀರಿಯಡ್ಡಿಗೆ ಹೊರಗಿಂದ ಬರುವ ಟೀಚರ್‌ಗೆ ಬಾಗಿಲಲ್ಲೇ ಮುಗ್ಗಲು ವಾಸನೆ ಬಡಿದರೆ, ಅದೇ ಮೀಟರ್.

ಕಿಟಕಿ ತೆಗೆದರೆ ಸೊಳ್ಳೆ, ರಸ್ತೆ ಗಲಾಟೆ ಅಂತಾರೆ ಟೀಚರ್‌ಗಳು. ಸುಳ್ಳೇನಲ್ಲ. ಆದರೆ ಅದಕ್ಕೆ ಕಾಯಿಲ್ ಹಚ್ಚಬೇಡಿ. ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಅಧ್ಯಯನವೊಂದು ಅಳೆದು ಹೇಳಿದೆ. ಕಿಟಕಿಗೆ ಜಾಲರಿ ಹಾಕಿಸಿ. ರಿಸೆಸ್ಸಿನಲ್ಲಿ ಬಾಗಿಲು, ಎದುರು ಕಿಟಕಿ ಎರಡೂ ತೆರೆದಿಡಿ, ಗಾಳಿ ಅಡ್ಡ ಹಾಯಲಿ. ಚಳಿಗಾಲದಲ್ಲಿ ಬೆಳಗಿನ ಮಬ್ಬು ಕರಗಿದ ಮೇಲೆ ತೆರೆದರೆ ಒಳ್ಳೆಯದು, ಮಬ್ಬಿರುವ ಹೊತ್ತಲ್ಲಿ ಹೊಗೆ ಧೂಳು ನೆಲದ ಹತ್ತಿರವೇ ನಿಂತಿರುತ್ತದೆ.

ಆ ಹುಡುಗ ಈಗ ಕಿಟಕಿ ಪಕ್ಕ ಕೂರುತ್ತಾನೆ. ಇನ್ಹೇಲರ್ ಇನ್ನೂ ಬಿಟ್ಟಿಲ್ಲ. ಗೋಡೆ ಏನಾಯ್ತು ಅಂತ ಕೇಳಿದೆ. ಶಾಲೆಯವರು ಅದರ ಮೇಲೆ ಭಾರತದ ಮ್ಯಾಪ್ ನೇತು ಹಾಕಿದ್ದಾರಂತೆ.