12 ಗಂಟೆ ಶಿಫ್ಟ್‌ನವರಿಗೆ ಒಂದು ರಜೆ ಎಂದರೆ ಎಷ್ಟು ಗಂಟೆ?

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೆ ಮೂರು ದಿನ, ದಿನಕ್ಕೆ 12 ಗಂಟೆ ಡ್ಯೂಟಿ. ಒಂದು ದಿನ ರಜೆ ಹಾಕಿದರೆ ಒಂದೂವರೆ ದಿನ ಕಳೆಯುತ್ತಾರೆ. ಇದು ಸರಿಯೇ? ಸಾರ್ವತ್ರಿಕ ರಜೆ ನನ್ನ ವೀಕ್ಲಿ ಆಫ್ ದಿನವೇ ಬಿದ್ದರೆ ಅದು ಕೈತಪ್ಪಿದಂತೆಯೇ?

ಉತ್ತರ: ಒಂದು ದಿನ ಮನೆಯಲ್ಲಿದ್ದು ಒಂದೂವರೆ ದಿನ ಕಳೆದುಕೊಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಖರ್ಚು ಮಾತ್ರ ನೋಡಿ ತೀರ್ಮಾನಿಸಬೇಡಿ, ಜಮಾ ಎಷ್ಟಾಗಿದೆ ನೋಡಿ.

ವರ್ಷಕ್ಕೆ ನಾಲ್ಕು ವಾರ ರಜೆ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ ಐದು ದಿನ ಬರುವವರಿಗೆ ಅದು 20 ದಿನ, 160 ಗಂಟೆ. ನಿಮ್ಮ ವಾರ 36 ಗಂಟೆಯದು. ನಾಲ್ಕು ವಾರಕ್ಕೆ 144 ಗಂಟೆ, ಅಂದರೆ 12 ಶಿಫ್ಟ್. 8 ಗಂಟೆಗೆ ಒಂದು ದಿನ ಎಂದು 18 ದಿನ ಜಮಾ ಮಾಡಿ, ಶಿಫ್ಟಿಗೆ ಒಂದೂವರೆಯಂತೆ ಕಳೆದರೆ ಆ 12 ಶಿಫ್ಟ್ ಸರಿಯಾಗಿ ಸಿಗುತ್ತದೆ. 12 ದಿನವೆಂದು ಜಮಾ ಮಾಡಿ ಒಂದೂವರೆ ಕಳೆಯುತ್ತಿದ್ದರೆ ಮಾತ್ರ ನಿಮಗೆ ಅನ್ಯಾಯ: ಎಂಟೇ ಶಿಫ್ಟಿಗೆ ಖಾತೆ ಖಾಲಿ! ಶಿಫ್ಟ್ ನೌಕರರ ಲೆಕ್ಕ ಗಂಟೆಯಲ್ಲೇ ಇರಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಸಾರ್ವತ್ರಿಕ ರಜೆ. ಇಲ್ಲಿ ನಿಯಮ ದೇಶಕ್ಕೊಂದು, ಇಲಾಖೆಗೊಂದು. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಪೂರ್ಣಾವಧಿ ನೌಕರರ ಆಫ್ ದಿನ ರಜೆ ಬಿದ್ದರೆ ಬದಲಿಗೆ ಇನ್ನೊಂದು ಕೆಲಸದ ದಿನ ಬಿಡುವು ಕೊಡುತ್ತಾರೆ. ಅರೆಕಾಲಿಕರಿಗೆ ಆ ಹಕ್ಕಿಲ್ಲ. ಹಾಗಾಗಿ ನಿಮ್ಮ 36 ಗಂಟೆಯನ್ನು ಪೂರ್ಣಾವಧಿ ಎಂದು ಬರೆದಿದ್ದಾರೆಯೇ ಎಂಬುದು ಸಣ್ಣ ವಿಷಯವಲ್ಲ. ಅಮೆರಿಕದ ಅದೇ ವ್ಯವಸ್ಥೆಯಲ್ಲಿ, ವಾರದ ಕೆಲಸವನ್ನು ನಾಲ್ಕು ದಿನಕ್ಕೆ ಒತ್ತಿಟ್ಟು ದಿನಕ್ಕೆ 10 ಗಂಟೆ ದುಡಿಯುವವರಿಗೆ ರಜೆಯ ದಿನ ಪೂರ್ತಿ 10 ಗಂಟೆ ಸಿಗುತ್ತದೆ. ವೇಳೆಯನ್ನು ತಾವೇ ಹೊಂದಿಸಿಕೊಳ್ಳುವ ಪದ್ಧತಿಯಲ್ಲಿದ್ದರೆ 8 ಗಂಟೆ ಮಾತ್ರ. ಉಳಿದ ಎರಡು ಗಂಟೆಯನ್ನು ಅವರೇ ತುಂಬಿಕೊಳ್ಳಬೇಕು.

ರಾತ್ರಿ ಪಾಳಿಯವರು ಇನ್ನೊಂದನ್ನು ಕೇಳಿಟ್ಟುಕೊಳ್ಳಿ. ಹಿಂದಿನ ರಾತ್ರಿ 8ಕ್ಕೆ ಶುರುವಾಗಿ ರಜೆಯ ಬೆಳಿಗ್ಗೆ 8ಕ್ಕೆ ಮುಗಿಯುವ ಶಿಫ್ಟ್ ಯಾವ ದಿನದ್ದು? ಅಮೆರಿಕದ ಆ ನಿಯಮದಲ್ಲಿ ಶಿಫ್ಟ್ ಶುರುವಾದ ದಿನವೇ ಲೆಕ್ಕಕ್ಕೆ. ರಜೆಯ ದಿನ ಮಧ್ಯರಾತ್ರಿಯಿಂದ ಬೆಳಿಗ್ಗೆವರೆಗೆ ಎಂಟು ಗಂಟೆ ದುಡಿದರೂ ಅದು ರಜೆಯ ಡ್ಯೂಟಿಯಾಗದು. ರಜೆಯ ದಿನ ರಾತ್ರಿ 8ಕ್ಕೆ ಶುರುವಾಗುವ ಪಾಳಿಗೆ ಮಾತ್ರ ಪೂರ್ತಿ ಬಿಡುವು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ 132ನೇ ಒಡಂಬಡಿಕೆ, ಕನಿಷ್ಠ ವಾರ್ಷಿಕ ರಜೆಯೊಳಗೆ ಸಾರ್ವತ್ರಿಕ ರಜೆಯನ್ನು ಸೇರಿಸಿ ಎಣಿಸಬಾರದು ಎನ್ನುತ್ತದೆ. ಅದನ್ನು ಅಧಿಕೃತವಾಗಿ ಅನುಮೋದಿಸಿದ ದೇಶಗಳಿಗಷ್ಟೇ ಅದು ಕಟ್ಟುಪಾಡು. ನಿಮ್ಮ ದೇಶ ಆ ಪಟ್ಟಿಯಲ್ಲಿದ್ದು, ಸಾರ್ವತ್ರಿಕ ರಜೆಯ ದಿನಕ್ಕೂ ಖಾತೆಯಿಂದ ಕಳೆದಿದ್ದರೆ, ಆ ತಿಂಗಳ ಡ್ಯೂಟಿ ಚಾರ್ಟಿನ ಪ್ರತಿ ಲಗತ್ತಿಸಿ ಲಿಖಿತವಾಗಿ ಕೇಳಿ.