ಮರಳುಗಾಡನ್ನು ಆಳುವ ಹುಲ್ಲು

ಮರುಭೂಮಿಯ ಚಿತ್ರ ಬರೆಯಲು ಹೇಳಿದರೆ ಮಕ್ಕಳು ತಪ್ಪದೆ ಒಂದು ಪಾಪಾಸುಕಳ್ಳಿಯನ್ನು ನಿಲ್ಲಿಸುತ್ತಾರೆ. ಹಾಗೆ ಕಲಿಸಿದವರು ನಾವೇ. ಆಸ್ಟ್ರೇಲಿಯಾದಂಥ ಒಣ ಖಂಡದಲ್ಲಿ ಆ ಕುಟುಂಬದ ಸ್ಥಳೀಯ ಗಿಡ ಒಂದೂ ಇಲ್ಲ! ಅಮೆರಿಕ ಮೂಲದ ಪಾಪಾಸುಕಳ್ಳಿ ಕ್ವೀನ್ಸ್‌ಲ್ಯಾಂಡ್‌ನ ಹುಲ್ಲುಗಾವಲುಗಳನ್ನು ನುಂಗತೊಡಗಿದಾಗ, 1920ರ ದಶಕದಲ್ಲಿ ಅರ್ಜೆಂಟೀನಾದಿಂದ ಪತಂಗವೊಂದನ್ನು ತರಿಸಿ ಬಿಡಬೇಕಾಯಿತು. ಅದರ ಮರಿಹುಳುಗಳು ಕಳ್ಳಿಯನ್ನು ಒಳಗಿನಿಂದಲೇ ಕೊರೆದು ತಿಂದವು.

ಅಲ್ಲಿನ ಒಣನೆಲದ ನಿಜವಾದ ಒಡೆಯ ಸ್ಪಿನಿಫೆಕ್ಸ್ ಎಂಬ ಹುಲ್ಲು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಯೋಡಿಯಾ. 60ಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲವೂ ಆ ಖಂಡದವೇ. ಖಂಡದ ಐದನೇ ಒಂದು ಭಾಗಕ್ಕೂ ಹೆಚ್ಚು ನೆಲದಲ್ಲಿ ಇದರ ಗುಬುರು ಗುಬುರಾದ ಪೊದೆಗಳು ಹಬ್ಬಿವೆ.

ಕಳ್ಳಿಯಂತೆ ನೀರನ್ನು ಕೂಡಿಡುವ ಗೊಡವೆಗೇ ಇದು ಹೋಗುವುದಿಲ್ಲ. ಇದರ ಜಾಣ್ಮೆಯೆಲ್ಲ ಇರುವುದು ಎಲೆಯಲ್ಲಿ. ಎಳೆಯ ಎಲೆ ಚಪ್ಪಟೆ. ಬಲಿಯುತ್ತಾ ಹೋದಂತೆ ಅಂಚುಗಳು ಚಾಪೆ ಸುತ್ತಿದ ಹಾಗೆ ಒಳಕ್ಕೆ ಸುರುಳಿಯಾಗಿ, ಕೊನೆಗೆ ಗಟ್ಟಿ ಸೂಜಿಯೇ ಆಗುತ್ತದೆ. ಸಿಲಿಕಾ ತುಂಬಿದ ಅದರ ತುದಿ ಕಾಲಿಗೆ ಚುಚ್ಚಿದರೆ ಮುರಿದು ಚರ್ಮದೊಳಗೇ ಉಳಿಯುತ್ತದೆ. ಎಲೆಯನ್ನು ಅಡ್ಡ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆಳವಾದ ತೋಡುಗಳು ಕಾಣುತ್ತವೆ. ಎಲೆಯ ನೀರು ಆವಿಯಾಗಿ ಹೊರಹೋಗುವ ಪತ್ರರಂಧ್ರಗಳು ಅಡಗಿರುವುದು ಅವುಗಳೊಳಗೆ. ಹೊರಗೆ ಬಿಸಿಗಾಳಿ ಎಷ್ಟೇ ಬೀಸಲಿ, ತೋಡಿನಲ್ಲಿ ನಿಂತ ತೇವದ ಗಾಳಿ ಸುಲಭವಾಗಿ ಕದಲದು.

ಹಾಗೆಂದು ರಂಧ್ರಗಳನ್ನು ಮುಚ್ಚಿಕೊಂಡೇ ಕೂರುವಂತಿಲ್ಲ, ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಲ್ಲ! ನಮ್ಮ ಜೋಳ, ರಾಗಿ, ಕಬ್ಬಿನಲ್ಲಿರುವ ಸಿ4 ಎಂಬ ದ್ಯುತಿಸಂಶ್ಲೇಷಣೆಯ ವಿಧಾನವೇ ಇದಕ್ಕೂ ಆಸರೆ. ಚುರುಕಾದ ಕಿಣ್ವವೊಂದು ಅನಿಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವಾಗಿಸುತ್ತದೆ. ಆ ಆಮ್ಲ ಒಳಗಿನ ಬೇರೆ ಕೋಶಗಳಿಗೆ ಸಾಗಿ ಅಲ್ಲಿ ಅನಿಲವನ್ನು ಬಿಟ್ಟುಕೊಡುತ್ತದೆ. ಸಕ್ಕರೆ ತಯಾರಾಗುವ ಜಾಗದಲ್ಲಿ ಅನಿಲ ದಟ್ಟವಾಗಿ ಸಿಗುವುದರಿಂದ ರಂಧ್ರಗಳು ತುಸುವೇ ತೆರೆದರೂ ಸಾಕು, ನೀರಿನ ನಷ್ಟ ಕಡಿಮೆ.

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಈ ಹುಲ್ಲಿನ ನಡುನಡುವೆ ಬೋಳು ವೃತ್ತಗಳಿವೆ. ಅವಕ್ಕೆ 'ಯಕ್ಷಿಣಿ ವೃತ್ತ' ಎಂಬ ಹೆಸರು ಅಂಟಿಸಿರುವುದು ನನಗೆ ಸರಿಕಾಣದು. ಹುಲ್ಲು ನೀರಿಗಾಗಿ ನಡೆಸುವ ಪೈಪೋಟಿಯೇ ಕಾರಣವೆಂದು 2016ರಲ್ಲಿ ಒಂದು ತಂಡ ವಾದಿಸಿತು. 2023ರಲ್ಲಿ ಇನ್ನೊಂದು ತಂಡ ಮೂಲನಿವಾಸಿ ಮಾರ್ಟು ಜನರೊಂದಿಗೆ ನೆಲ ಅಗೆದು, ಕೆಳಗೆ ಗೆದ್ದಲುಗಳಿರುವುದನ್ನು ತೋರಿಸಿತು. ವಾದ ಇನ್ನೂ ಮುಗಿದಿಲ್ಲ. ಮಾರ್ಟುಗಳಿಗಾದರೋ ಅವು ತಲೆಮಾರುಗಳಿಂದ ಗೊತ್ತಿದ್ದ ಜಾಗಗಳು: ಆ ಗಟ್ಟಿ ನೆಲದ ಮೇಲೆ ಹುಲ್ಲಿನ ಬೀಜ ಬಡಿಯುತ್ತಿದ್ದರು, ಮಳೆ ಬಂದಾಗ ಅಲ್ಲಿ ನಿಂತ ನೀರನ್ನು ಕುಡಿಯುತ್ತಿದ್ದರು.