ವಿಲನ್ ಎಸೆದ ಲೈಟರ್ ಆರಲ್ಲ, ನಮ್ದು ಮಾತ್ರ ಯಾಕೆ ಆರುತ್ತೆ?

ಪ್ರಶ್ನೆ: ಅಣ್ಣಾ, ಸಿನಿಮಾದಲ್ಲಿ ವಿಲನ್ ಲೈಟರ್ ಹಚ್ಚಿ ಹಿಂದಕ್ಕೆ ಎಸೀತಾನೆ, ಅದು ಉರೀತಾನೇ ಹೋಗಿ ಬೀಳುತ್ತೆ. ನಮ್ಮ ನಾಟಕದಲ್ಲಿ ಕೈ ಬಿಟ್ಟ ತಕ್ಷಣ ಆರಿ ಹೋಗುತ್ತೆ. ಯಾವ ಕಂಪನಿದು ತಗೋಬೇಕು?

ಗಣಪತಿ ಹಬ್ಬ ಹತ್ರ ಬಂತು ಅಂದ್ರೆ ದಾವಣಗೆರೆ ಹುಡುಗ್ರು ಇದನ್ನ ಕೇಳ್ತಾರೆ, ದುಗ್ಗಮ್ಮನ ಜಾತ್ರೆ ವರ್ಷ ಇನ್ನೊಂದು ಬ್ಯಾಚು ಬಂದು ಇದನ್ನೇ ಕೇಳುತ್ತೆ, ನಾನೂ ಹೇಳಿದ್ದೇ ಹೇಳ್ತಾ ಕೂತಿದೀನಿ. ಇವತ್ತು ಬರ್ದೇ ಬಿಡ್ತೀನಿ, ಇನ್ಮೇಲೆ ಕೇಳಿದ್ರೆ ಇದನ್ನೇ ಕಳಿಸ್ತೀನಿ.

ನಿಮ್ಮ ಕೈಯಲ್ಲಿರೋ ಪ್ಲಾಸ್ಟಿಕ್ ಲೈಟರ್ ಒಳಗಿರೋದು ಬ್ಯೂಟೇನ್ ಗ್ಯಾಸು, ಒತ್ತಡಕ್ಕೆ ನೀರಿನ ಥರ ದ್ರವವಾಗಿ ಕೂತಿರುತ್ತೆ. ಹೆಬ್ಬೆರಳು ಒತ್ತಿದಾಗ ಮಾತ್ರ ವಾಲ್ವ್ ತೆಗೆಯುತ್ತೆ, ಬೆರಳು ಎತ್ತಿದ್ರೆ ಮುಚ್ಚುತ್ತೆ. ಅಷ್ಟೇ. ಜೇಬಲ್ಲಿ ಬೆಂಕಿ ಹತ್ತಬಾರ್ದು ಅಂತ ಬೇಕಂತಲೇ ಹಂಗೆ ಮಾಡಿರೋದು. ನೀವು ಎಸೀರಿ, ವಿಲನ್ ಎಸೀಲಿ, ಗ್ಯಾಸ್ ಲೈಟರ್ ಗಾಳಿಯಲ್ಲಿ ಉರಿಯೋದಿಲ್ಲ. ಹತ್ತು ರೂಪಾಯಿದು ಉರಿಯಲ್ಲ, ನೂರು ರೂಪಾಯಿದು ಉರಿಯುತ್ತೆ ಅಂತ ಯಾರೋ ಹಬ್ಬಿಸಿದಾರೆ, ಅದೂ ಸುಳ್ಳು. ಲಿವರಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ರೆ ಅಂತ ಒಬ್ಬ ಕೇಳ್ದ, ಕೇಳಿ ಸುಮ್ನಿರಲಿಲ್ಲ, ಪ್ರಾಕ್ಟೀಸಲ್ಲಿ ಮಾಡೇ ಬಿಟ್ಟ. ಲೈಟರಿನ ತಲೆ ಮೇಲಿನ ತಗಡು ಕಾದು ಪ್ಲಾಸ್ಟಿಕ್ಕು ಮೆತ್ತಗಾಗೋಕೆ ಶುರುವಾಯ್ತು, ಪುಣ್ಯಕ್ಕೆ ಪಕ್ಕದಲ್ಲಿ ನೀರಿನ ಬಕೆಟ್ ಇತ್ತು. ದಯವಿಟ್ಟು ಬೇಡ.

ಹಂಗಾದ್ರೆ ಸಿನಿಮಾದಲ್ಲಿ ಹೆಂಗೆ? ಅಲ್ಲಿ ವಿಲನ್ ಕೈಯಲ್ಲಿರೋದು ಮುಚ್ಚಳದ ಲೈಟರು, ಜಿಪ್ಪೋ ಥರದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಅನ್ನೋ ಊರಲ್ಲಿ 1933ರಲ್ಲಿ ಮೊದಲನೇ ಜಿಪ್ಪೋ ತಯಾರಾಯ್ತು. ಅದರಲ್ಲಿ ಗ್ಯಾಸಿಲ್ಲ. ಪೆಟ್ರೋಲ್ ಜಾತಿಯ ಎಣ್ಣೆ ಹೀರ್ಕೊಂಡಿರೋ ಹತ್ತಿ, ಒಂದು ಬತ್ತಿ, ಸುತ್ತ ತೂತು ತೂತಿನ ತಗಡಿನ ಗೂಡು. ಒಂದು ಲೆಕ್ಕದಲ್ಲಿ ನಮ್ಮ ಬುಡ್ಡಿ ದೀಪಾನೇ. ಒಂದ್ಸಲ ಹಚ್ಚಿದ್ರೆ ಮುಚ್ಚಳ ಹಾಕೋವರೆಗೂ ಉರೀತಾ ಇರುತ್ತೆ, ಹೆಬ್ಬೆರಳಿಗೆ ಕೆಲಸ ಇಲ್ಲ.

ಆದ್ರೆ ಇದೂ ಎಸೆದಾಗ ಆರ್ಬಹುದು, ಬಿದ್ದಾಗಂತೂ ಆರೋದೇ ಜಾಸ್ತಿ. ಅದಕ್ಕೇ ಎಸೆಯೋದು ಒಂದು ಶಾಟು, ನೆಲಕ್ಕೆ ಬೀಳೋದು ಇನ್ನೊಂದು ಶಾಟು, ಧಗ್ ಅಂತ ಬೆಂಕಿ ಏಳೋದು ಮೂರನೇದು, ಆ ಬೆಂಕೀನ ಕ್ಯಾಮೆರಾಗೆ ಕಾಣದಂಗೆ ಗ್ಯಾಸ್ ಪೈಪ್ ಇಟ್ಕೊಂಡು ಫೈರ್ ಎಫೆಕ್ಟ್ ಟೀಮಿನೋರು ಹಚ್ಚಿರ್ತಾರೆ. ಈಗಂತೂ ಎಷ್ಟೋ ಕಡೆ ಗಾಳಿಯಲ್ಲಿ ತಿರುಗೋ ಉರಿ ಪೂರ್ತಿ ಗ್ರಾಫಿಕ್ಸು. ನೀವು ನೋಡಿದ್ದು ಎಡಿಟಿಂಗ್ ಟೇಬಲ್ಲಿನ ಕೆಲಸ, ಬೈತಿರೋದು ಅಂಗಡಿಯೋನ್ನ. ಆ ‘ಟಣ್ ಕ್ಲಿಕ್’ ಸೌಂಡ್ ಕೂಡ ಸಾಮಾನ್ಯವಾಗಿ ಆಮೇಲೆ ಮೈಕ್ ಮುಂದೆ ಮಾಡಿ ಸೇರ್ಸಿರ್ತಾರೆ. ಸೌಂಡಿಗೆ ಬೆಲೆ ಎಷ್ಟು ಅಂದ್ರೆ ಜಿಪ್ಪೋದೋರು 2018ರಲ್ಲಿ ಅಮೆರಿಕದಲ್ಲಿ ಅದನ್ನೇ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ರು.

ಇಷ್ಟು ಹೇಳಿದ ಮೇಲೆ, ಹಂಗಾದ್ರೆ ಬತ್ತಿದೇ ತಂದು ಎಸೀತೀವಿ ಅಂತೀರಲ್ಲ, ಅಲ್ಲೇ ನಂಗೆ ಸಿಟ್ಟು ಬರೋದು. ಸ್ಟೇಜ್ ಮೇಲೆ ಜಮಖಾನ, ಸೈಡಲ್ಲಿ ಪರದೆ, ತಲೆ ಮೇಲೆ ನೈಲಾನ್ ವಿಗ್ಗು, ಮೇಲೆ ಶಾಮಿಯಾನ. ಉರಿಯೋ ವಸ್ತು ಕೈ ಬಿಡಬಾರ್ದು ಅಂದ್ರೆ ಬಿಡಬಾರ್ದು. ಹಚ್ಚಿ, ಎರಡು ಸೆಕೆಂಡ್ ತೋರ್ಸಿ, ತಿರುಗೋವಾಗ ಮುಚ್ಚಳ ಮುಚ್ಚಿ, ಆಮೇಲೆ ಸೈಡ್ ವಿಂಗಿಗೆ ಎಸೀರಿ, ಲೈಟಿಂಗ್ ಹುಡುಗ ಅದೇ ಗಳಿಗೆಗೆ ಕೆಂಪು ಕೊಡ್ಲಿ. ಹಿಂದಿನ ಸಾಲಿನೋರಿಗೆ ಉರಿ ಎಲ್ಲಿ ಕಾಣುತ್ತೆ, ಅವ್ರು ನೋಡೋದು ನಿಮ್ಮ ಕೈ ಬೀಸಿದ್ದು. ಲೈಟರಿನ ಎಣ್ಣೆ ಸುಮ್ನಿದ್ರೂ ಆವಿಯಾಗಿ ಹೋಗುತ್ತೆ, ಬೇಸಿಗೇಲಿ ಇನ್ನೂ ಬೇಗ, ಹೋದ ವಾರ ತುಂಬ್ಸಿದ್ದೆ ಅಂತ ನಂಬ್ಕೊಂಡು ಸ್ಟೇಜ್ ಹತ್ಬೇಡಿ. ಸಾಣೇಹಳ್ಳಿ ಥರದ ಬಯಲು ರಂಗಮಂದಿರದಲ್ಲಿ ಆಡ್ತೀರಾದ್ರೆ ಗಾಳಿಗೆ ಗ್ಯಾಸ್ ಲೈಟರ್ ನಿಲ್ಲಲ್ಲ, ಅದೂ ತಲೇಲಿರ್ಲಿ.

ಯಾರೂ ಕೇಳಿಲ್ಲ, ಆದ್ರೂ ಇನ್ನೊಂದು ವಿಷ್ಯ. ಲೈಟರಿಗೆ ‘ಕಲ್ಲು’ ಹಾಕ್ಸೋದು ಅಂತೀವಲ್ಲ, ಅದು ಕಲ್ಲೇ ಅಲ್ಲ. ಸೀರಿಯಂ ಅನ್ನೋ ಲೋಹ, ಕಬ್ಬಿಣ ಎಲ್ಲ ಕಲಸಿದ ಮಿಶ್ರಲೋಹ, 1903ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ವೆಲ್ಸ್‌ಬಾಕ್ ಪೇಟೆಂಟ್ ತಗೊಂಡಿದ್ದು. ನಮ್ಮ ಅಜ್ಜಂದಿರು ಬೀಡಿ ಹಚ್ತಿದ್ದ ಚಕಮಕೀಲಿ ಗಟ್ಟಿ ಕಲ್ಲು ಉಕ್ಕನ್ನ ಹೆರೆಯುತ್ತೆ, ಕಿಡಿಯಾಗೋದು ಉಕ್ಕಿನ ಪುಡಿ. ಲೈಟರಲ್ಲಿ ಉಲ್ಟಾ, ಉಕ್ಕಿನ ಚಕ್ರ ಆ ಮೆತ್ತನೆ ‘ಕಲ್ಲನ್ನ’ ಹೆರೆಯುತ್ತೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಒಂದ್ಸಲ ಚಿತ್ರದುರ್ಗದ ಕಡೆ ಮದಕರಿ ನಾಯಕನ ನಾಟಕ ನೋಡ್ತಿದ್ದೆ, ಕೋಟೆ ಬಿದ್ದಿದ್ದು 1779ರಲ್ಲಿ, ಆಗ ಈ ‘ಕಲ್ಲು’ ಇನ್ನೂ ಹುಟ್ಟೇ ಇರಲಿಲ್ಲ, ವಿಂಗಲ್ಲಿ ಪಂಜು ಹಚ್ತಿದ್ದ ಸೈನಿಕನ ಕಾಲರ್ ಮೈಕು ಆನ್ ಇತ್ತು, ಯುದ್ಧಕ್ಕೆ ಮುಂಚೆ ಇಡೀ ಮೈದಾನಕ್ಕೆ ಚಟ್, ಚಟ್, ಚಟ್, ಆಮೇಲೆ “ಥೂ, ಗ್ಯಾಸ್ ಖಾಲಿ ಕಣೋ” ಅಂತ ಕೇಳಿಸ್ತು.